ಎರಡನೇ ಸಲ ಸುರಿಯದ ಗುರುದೇವಿ

ಜನವರಿ ಇಪ್ಪತ್ತೊಂದು, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಕಪನೂರಿನ ಒಂದು ಬೇಳೆ ಗಿರಣಿಯ ಪ್ರಯೋಗಾಲಯದಲ್ಲಿ ಗುರುದೇವಿ ತೇವಾಂಶ ಅಳೆಯುವ ಯಂತ್ರದ ಬಟ್ಟಲಿಗೆ ತೊಗರಿ ಸುರಿದಿದ್ದಳು. ಅಂಕಿ ಮೂಡಿದ ಕೂಡಲೇ ಎರಡೂ ಕೈಗಳನ್ನು ಬೆನ್ನ ಹಿಂದೆ ಒಯ್ದು, ಒಂದರ ಮಣಿಕಟ್ಟನ್ನು ಇನ್ನೊಂದರಿಂದ ಬಿಗಿಯಾಗಿ ಹಿಡಿದುಕೊಂಡು ನಿಂತಳು. ಬಟ್ಟಲನ್ನು ಬರಿದು ಮಾಡಿ ಮತ್ತೊಮ್ಮೆ ಸುರಿಯಲು ಆ ಕೈಗಳು ಚಡಪಡಿಸುತ್ತಿದ್ದವು. ನಲವತ್ತೆಂಟು ದಿನಗಳಿಂದ ಅವಳು ಅವುಗಳ ಮಾತು ಕೇಳಿರಲಿಲ್ಲ.

ಅಂಕಿ ಹದಿಮೂರು ಪಾಯಿಂಟ್ ಎಂಟು. ಗಿರಣಿಯ ಮಿತಿ ನೂರಕ್ಕೆ ಹನ್ನೆರಡು. ಅದಕ್ಕಿಂತ ಹಸಿಯಾದ ತೊಗರಿ ಗೇಟಿನಿಂದಲೇ ವಾಪಸು. ಈ ಗಿರಣಿಯಲ್ಲಿ ಅಂಕಿಯನ್ನು ಚೀಟಿಯಲ್ಲಿ ಬರೆಯುವ ಮೊದಲು ಬಾಯಲ್ಲಿ ಹೇಳಬೇಕು. ಕಿಟಕಿಯಿಂದ ಗುರುದೇವಿ ಹೇಳುತ್ತಾಳೆ, ಅಂಗಳದಲ್ಲಿ ನಿಂತ ದೌಲಪ್ಪ, ಚೀಲ ಹೊರುವ ಹಮಾಲರ ಮುಖಂಡ, ಅದನ್ನೇ ದೊಡ್ಡ ದನಿಯಲ್ಲಿ ಕೂಗುತ್ತಾನೆ, ಸಾಲಿನ ಕಟ್ಟಕಡೆಯ ಗಾಡಿಯವನಿಗೂ ಕೇಳಿಸುತ್ತದೆ. ಕೂಗದ ಅಂಕಿಯನ್ನು ರೈತರು ಒಪ್ಪುವುದಿಲ್ಲ. ಕೂಗಿದ ಅಂಕಿಯನ್ನು ಗಿರಣಿ ಹಿಂದಕ್ಕೆ ತೆಗೆದುಕೊಂಡದ್ದೂ ಇಲ್ಲ.

“ಹದಿಮೂರು ಪಾಯಿಂಟ್ ಎಂಟೂ!” ದೌಲಪ್ಪ ಕೂಗಿದ.

ಗಾಡಿ ಕಮಲಾಪುರದ ಮಾಳಿಂಗಪ್ಪನದು. ಗುರುದೇವಿಯ ಊರೂ ಅದೇ, ಓಣಿಯೂ ಅದೇ. ಆತ ಕಿಟಕಿಯ ಹತ್ತಿರ ಬಂದ.

“ಯವ್ವಾ ಗುರುದೇವಿ, ಇನ್ನೊಮ್ಮಿ ಹಾಕಿ ನೋಡ. ನಾ ಹಲ್ಲಾಗ ಕಡದು ನೋಡೇ ಚೀಲ ಹೊಲದೀನಿ. ಕಟ್ ಅಂದದ.”

“ಕಾಕಾ, ನಿಮ್ಮ ಹಲ್ಲಿಗೆ ಅರವತ್ತೆರಡು ವರ್ಷ. ನಮ್ಮ ಮಷೀನಿಗೆ ಎರಡ ವರ್ಷ.”

ಸಾಲಿನಲ್ಲಿ ನಗೆ ಎದ್ದಿತು.

“ಮೊದ್ಲ ಎಲ್ಲಾರದೂ ಮೂರು ಮೂರು ಸಲ ನೋಡ್ತಿದ್ದಿ ಅಂತಾರ. ನನಗ ಒಂದ ಸಲಕ್ಕ ಮುಗಸ್ತಿ?”

“ಆ ಗುರುದೇವಿ ಹೋದ್ಲರಿ ಕಾಕಾ. ಈಗ ನಾ ಒಂದ ಸಲ ನೋಡಾಕಿ.”

ಹಿಂದಿನ ಲಾರಿಯ ಚಾಲಕ ಪರ್ವೇಜ್ ಹಾರ್ನ್ ಒತ್ತಿದ. “ಚಲೋ ಚಾಚಾ, ಗಾಡಿ ತಿರುಗ್ಸ್ರಿ. ನೀರು ಹೊಡಿಯೋ ಮುಂದ ಜರಾ ಕೈ ಹಿಡಿಬೇಕಿತ್ತು.”

ತೂಕ ಬರಲೆಂದು ತೊಗರಿಗೆ ನೀರು ಚಿಮುಕಿಸುವವರು ಇದ್ದಾರೆ. ಮಾಳಿಂಗಪ್ಪ ಅಂಥವನೆಂದು ಯಾರೂ ಅಂದುಕೊಂಡಿರಲಿಲ್ಲ, ಆ ಹೊತ್ತಿನವರೆಗೆ. ಆತ ಟ್ರ್ಯಾಕ್ಟರ್ ತಿರುಗಿಸಿದ. ಗುರುದೇವಿ ಮುಂದಿನ ಮಾದರಿಯನ್ನು ಸುರಿದಳು, ಒಂದೇ ಸಲ.

ಗುರುದೇವಿ ಶರಣಬಸವೇಶ್ವರ ದೇವಸ್ಥಾನದ ಹತ್ತಿರದ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ ಇಪ್ಪತ್ಮೂರನೇ ವಯಸ್ಸಿಗೆ ಈ ಗಿರಣಿ ಸೇರಿದವಳು. ಈಗ ಮೂವತ್ತೊಂದು. ವಾರವೆಲ್ಲ ದೇವಸ್ಥಾನದ ಹಿಂದಿನ ಓಣಿಯ ಬಾಡಿಗೆ ಕೋಣೆಯಲ್ಲಿದ್ದು, ಭಾನುವಾರ ಕಮಲಾಪುರಕ್ಕೆ ಹೋಗುತ್ತಾಳೆ. ನಿಂತಲ್ಲಿ ನಿಲ್ಲುವ ಹೆಣ್ಣಲ್ಲ. ಬೀಗ ಹಾಕಿದ ಮೇಲೆ ಮೂರು ಹೆಜ್ಜೆ ಹೋಗಿ ಬಂದು ಎಳೆದು ನೋಡುತ್ತಿದ್ದಳು, ಆಟೋ ಹತ್ತಿದ ಮೇಲೆ ಇಳಿದು ಮತ್ತೆ ನೋಡಿದ್ದೂ ಉಂಟು. ಬಸ್ಸಿನಲ್ಲಿ ಕುಳಿತರೆ ಬಲಗಾಲು ತನ್ನಷ್ಟಕ್ಕೆ ಅಲ್ಲಾಡುತ್ತಿರುತ್ತದೆ. ತೊಗರಿಯನ್ನು ಸುರಿದು ಅಂಕಿ ನೋಡಿ, ಬರಿದು ಮಾಡಿ, ಮತ್ತೆ ಸುರಿದು, ಒಂದರ ಹಿಂದೊಂದು ಬಂದ ಎರಡು ಅಂಕಿಗಳು ಸರಿಸುಮಾರು ಕೂಡುವವರೆಗೆ ಬಿಡುತ್ತಿರಲಿಲ್ಲ. ಸಾಮಾನ್ಯವಾಗಿ ಮೂರು ಸಲ, ಕೆಲವೊಮ್ಮೆ ನಾಲ್ಕು. ದಿನಕ್ಕೆ ಇಪ್ಪತ್ನಾಲ್ಕು ಗಾಡಿ ಮುಗಿದರೆ ಹೆಚ್ಚು. ಗಾಡಿಯವರು ಅವಳಿಗೆ ‘ಸಂಶಯದ ಮೇಡಂ’ ಎಂದು ಹೆಸರಿಟ್ಟಿದ್ದರು. ತಾಯಿ ಶಂಕ್ರಮ್ಮನೂ ಹಾಗೇ ಅನ್ನುತ್ತಿದ್ದಳು: “ನಿನ್ನ ಜೀವಕ್ಕ ಎಂದಾದ್ರೂ ಸಮಾಧಾನ ಅದ ಏನವಾ?”

ಡಿಸೆಂಬರ್ ನಾಲ್ಕರಂದು ಹೈದರಾಬಾದಿನಿಂದ ಒಬ್ಬ ತರಬೇತುದಾರ ಬಂದ. ಗಿರಣಿಯ ಸಿಬ್ಬಂದಿಗೆಲ್ಲ ನಲವತ್ತು ಪ್ರಶ್ನೆಗಳ ಹಾಳೆ ಹಂಚಿದ. ಉತ್ತರ ಕೂಡಿಸಿ ಎಲ್ಲರನ್ನೂ ನಾಲ್ಕು ಬಗೆಯಾಗಿ ವಿಂಗಡಿಸಿದ: ನಿರ್ಣಾಯಕ, ಉತ್ಸಾಹಿ, ಸಮನ್ವಯಿ, ಶೋಧಕ.

ಹದಿನೇಳನೇ ಪ್ರಶ್ನೆ ಹೀಗಿತ್ತು: ಮಾಡಿ ಮುಗಿಸಿದ ಕೆಲಸವನ್ನು ನೀವು ಮತ್ತೆ ಪರೀಕ್ಷಿಸುತ್ತೀರಾ? ಗುರುದೇವಿಯ ಪೆನ್ನು ‘ಯಾವಾಗಲೂ’ ಎಂಬ ಚೌಕದ ಮೇಲೆ ನಿಂತಿತು. ಮ್ಯಾನೇಜರ್ ಆನಂದಕುಮಾರ ಕೈಕಟ್ಟಿ ಅವಳ ಕುರ್ಚಿಯ ಹಿಂದೆಯೇ ನಿಂತಿದ್ದರು. ‘ಎಂದೂ ಇಲ್ಲ’ ಎಂಬ ಚೌಕಕ್ಕೆ ಗುರುತು ಹಾಕಿದಳು. ಒಂದಕ್ಕೆ ಹಾಗೆ ಹಾಕಿದ ಮೇಲೆ ಅದಕ್ಕೆ ಹೊಂದುವಂತೆ ಉಳಿದವಕ್ಕೂ ಹಾಕಬೇಕಾಯಿತು.

ಅವಳಿಗೆ ‘ನಿರ್ಣಾಯಕ’ ಬಂತು. ಅಂಗೈಯಗಲದ ಕೆಂಪು ಕಾರ್ಡಿನಲ್ಲಿ ಅಚ್ಚಾಗಿತ್ತು: ನೀವು ಮೊದಲ ನೋಟಕ್ಕೆ ಸರಿಯಾದುದನ್ನು ಕಾಣಬಲ್ಲವರು. ಸಂಶಯ ನಿಮ್ಮ ಸ್ವಭಾವವಲ್ಲ, ಇತರರು ನಿಮ್ಮ ಮೇಲೆ ಹೇರಿದ ಅಭ್ಯಾಸ. ಮರುಪರಿಶೀಲನೆ ನಿಮ್ಮ ಶಕ್ತಿಯನ್ನು ಕುಂದಿಸುತ್ತದೆ.

ಅವಳು ಅದನ್ನು ಮೂರು ಸಲ ಓದಿದಳು. ಬಾಡಿಗೆ ಕೋಣೆಗೆ ಬಂದು ಇನ್ನೆರಡು ಸಲ ಓದಿದಳು. ತನ್ನ ಹೊಯ್ದಾಟವೆಲ್ಲ ಹೊರಗಿನದು, ಒಳಗೆ ಬೇರೆಯೇ ಒಬ್ಬಳಿದ್ದಾಳೆ ಎಂಬ ಮಾತು ಅವಳಿಗೆ ಎಷ್ಟು ಹಿತವಾಯಿತೆಂದರೆ, ಮರುದಿನ ಬೀಗವನ್ನು ಎಳೆದು ನೋಡದೆ ಆಟೋ ಹತ್ತಿದಳು. ಕಾರ್ಡನ್ನು ಯಂತ್ರದ ಮೇಲಿನ ಗೋಡೆಗೆ ಅಂಟಿಸಿದಳು.

“ನಂದೂ ಹಚ್ಚಲಿ ಬಾಜೂಕ?” ಎಂದಳು ಅಲ್ಫಿಯಾ. ಪ್ರಯೋಗಾಲಯದಲ್ಲಿ ಅವಳ ಜೊತೆಗೆ ಕೆಲಸ ಮಾಡುವವಳು, ಬಾಯಿ ಜೋರು. “ನಾ ಸಮನ್ವಯಿ ಅಂತ. ಯಾರರ ಜಗಳಾಡಿದ್ರ ನಡುವ ನಿಂತು ಹೊಡಿಸ್ಕೊಳ್ಳಾಕಿ.”

ಕಿಟಕಿಯಾಚೆಯಿಂದ ದೌಲಪ್ಪ ಇಣುಕಿದ. “ನಂದು ಯಾವ ಜಾತಿ ಬಂತ್ರಿ ಮೇಡಂ?”

“ಉತ್ಸಾಹಿ ಅದಿ ನೋಡೋ ನೀ.”

“ಹಂಗಾರ ಇವತ್ತು ಚೀಲ ಹೊರೂದು ಶೋಧಕರಿಗೆ ಬಿಡ್ರಿ. ನಾ ಉತ್ಸಾಹದಿಂದ ನೋಡ್ಕೊಂತ ಕೂಡ್ತೀನಿ.”

ಗುರುದೇವಿ ನಗಲಿಲ್ಲ. ನಿರ್ಣಾಯಕರು ಸಣ್ಣ ಮಾತಿಗೆ ನಗುವುದಿಲ್ಲ ಎಂದು ತರಬೇತುದಾರ ಹೇಳಿದ್ದ.

ಅಂದಿನಿಂದ ಒಂದು ಮಾದರಿ, ಒಂದು ಅಂಕಿ. ದಿನಕ್ಕೆ ನಲವತ್ತೈದು ಗಾಡಿ ಸಾಗತೊಡಗಿದವು. ಆನಂದಕುಮಾರ ಎರಡು ಸಲ ಬೆನ್ನು ತಟ್ಟಿದರು. ಫೆಬ್ರವರಿ ಒಂದರಿಂದ ಶುರುವಾಗುವ ಎರಡನೇ ಘಟಕದ ಪ್ರಯೋಗಾಲಯಕ್ಕೆ ಅವಳನ್ನೇ ಮುಖ್ಯಸ್ಥೆಯಾಗಿ ಮಾಡುವ ಪತ್ರ ಟೈಪಾಗಿ ಅವರ ಮೇಜಿನ ಖಾನೆಯಲ್ಲಿತ್ತು. ಗಿರಣಿಯ ಹೊರಗೂ ಅವಳು ಕಾರ್ಡಿನಂತೆ ನಡೆದಳು. ಸೂಪರ್ ಮಾರ್ಕೆಟ್ ಬೀದಿಯ ಅಂಗಡಿಯೊಂದರಲ್ಲಿ ಸೋಫಾ ನೋಡಿದ ಮೊದಲ ನಿಮಿಷದಲ್ಲೇ ಕೊಂಡಳು. ಅದು ಕೋಣೆಯ ಬಾಗಿಲಿಗಿಂತ ನಾಲ್ಕು ಇಂಚು ಅಗಲವಿತ್ತು. ಈಗಲೂ ಅದು ಮನೆಮಾಲಕರ ಪಡಸಾಲೆಯಲ್ಲಿದೆ, ಅವರ ಅತ್ತೆ ಅದರ ಮೇಲೆ ಕುಳಿತು ಸೊಪ್ಪು ಸೋಸುತ್ತಾರೆ. ಶಂಕ್ರಮ್ಮ ಫೋನಿನಲ್ಲಿ ಏನಾದರೂ ಎರಡನೇ ಸಲ ಕೇಳಿದರೆ, “ಒಮ್ಮಿ ಹೇಳೀನಲ್ಲ” ಎಂದು ಇಟ್ಟುಬಿಡುತ್ತಿದ್ದಳು.

ಆದರೆ ಚಡಪಡಿಕೆ ಹೋಗಿರಲಿಲ್ಲ, ಜಾಗ ಬದಲಿಸಿತ್ತು. ಅರ್ಧ ಊಟಕ್ಕೆ ಏಳುತ್ತಿದ್ದಳು. ಉಗುರುಗಳನ್ನು ಬುಡದವರೆಗೆ ಕಚ್ಚಿದ್ದಳು. ಅಂಕಿ ಹೇಳಿದ ಮೇಲೆ ಬಟ್ಟಲಿನ ಕಡೆ ನೋಡದಿರಲು ಕಿಟಕಿಯತ್ತ ತಿರುಗಿ ನಿಲ್ಲುವಳು, ಕೈಗಳನ್ನು ಬೆನ್ನ ಹಿಂದೆ ಹಿಡಿದು. ಅಲ್ಫಿಯಾ ಒಮ್ಮೆ, “ಯಾಕವಾ, ಪೊಲೀಸರು ಹಿಡ್ಕೊಂಡು ಹೊಂಟಂಗ ನಿಂದರ್ತಿ?” ಎಂದಾಗ, “ನಿನಗ ತಿಳಿಯಂಗಿಲ್ಲ, ನೀ ಸಮನ್ವಯಿ” ಎಂದಳು.

ಗಣರಾಜ್ಯೋತ್ಸವ ಆ ವರ್ಷ ಭಾನುವಾರವೇ ಬಂತು. ಗುರುದೇವಿ ಕಮಲಾಪುರದಲ್ಲಿ ಬಸ್ಸಿಳಿದಾಗ ಬೆಳಿಗ್ಗೆ ಒಂಬತ್ತೂವರೆ. ಹೋಟೆಲಿನ ಮುಂದೆ ನಿಂತವನೊಬ್ಬ ಇನ್ನೊಬ್ಬನಿಗೆ, “ಟ್ಯಾಂಕರ್ ಬೇಕಾದ್ರ ಮಾಳಿಂಗಪ್ಪಗ ಕೇಳು, ಅವರ ಮನ್ಯಾಗ ನೀರಿಗೇನು ಕಡಿಮಿ ಅದ” ಎನ್ನುತ್ತಿದ್ದ. ಇಬ್ಬರೂ ನಕ್ಕರು. ಐದು ದಿನಗಳಲ್ಲಿ ಸುದ್ದಿ ಮೂವತ್ತೈದು ಕಿಲೋಮೀಟರ್ ಬಂದಿತ್ತು.

ಮನೆಯಲ್ಲಿ ಶಂಕ್ರಮ್ಮ ಮಗಳನ್ನು ಕುಳ್ಳಿರಿಸಲೂ ಇಲ್ಲ. “ಮಾಳಿಂಗಪ್ಪ ಹೊರಗ ಬರೂದು ಬಿಟ್ಟಾನ. ಮಠಕ್ಕ ಕಾಣಿಕಿ ಬರೋ ಕಾಳಿನ ತೂಕದ ಕೆಲಸ ಕಮಿಟಿಯೊಳಗ ಇಪ್ಪತ್ತು ವರ್ಷದಿಂದ ಅವಂದಿತ್ತು. ಮೊನ್ನಿ ‘ಈ ಸಲ ಬ್ಯಾರೆಯವರು ನೋಡ್ಲಿ’ ಅಂದಾರಂತ. ಹೋಗಿ ಮಾರಿ ತೋರ್ಸಿ ಬಾ.”

ಮಾಳಿಂಗಪ್ಪನ ಹೆಂಡತಿ ಪುತಳಾಬಾಯಿ ಬಾಗಿಲು ತೆರೆದಳು. ‘ಬಾ’ ಎನ್ನಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ. ಪಡಸಾಲೆಯ ಗೋಡೆಗೆ ಹದಿನೆಂಟು ಚೀಲಗಳು ಒಟ್ಟಿದ್ದವು. ಮಾಳಿಂಗಪ್ಪ ಎದುರಿನ ಹೊರಸಿನ ಮೇಲೆ ಕುಳಿತಿದ್ದ.

“ಕಾಕಾ, ಒಣಗಿಸಿ ಮತ್ತ ತುಂಬೀರೇನು?” ಗುರುದೇವಿ ಕೇಳಿದಳು.

“ಒಣಗಿಸಿಲ್ಲ.”

“ಯಾಕ? ನಾಲ್ಕು ಬಿಸಲು ಕೊಟ್ಟು ತಂದ್ರ ತಗೋತಿದ್ವಿ.”

“ಒಣಗಿಸಿದ್ರ ಹಸಿ ಇತ್ತು ಅಂತ ನಾನೇ ಒಪ್ಪಿದಂಗ ಆತು. ಚೀಲ ಬಿಚ್ಚಿಲ್ಲ, ಹೊಲಿಗಿ ನೋಡು, ಅದೇ ಅದ. ನಿನ್ನ ಮಷೀನು ಖರೆನೋ ನನ್ನ ಹಲ್ಲು ಖರೆನೋ, ನೀನೇ ಬಂದು ಬಿಚ್ಚು ಅಂತ ಇಟ್ಟೀನಿ.”

“ಐದು ದಿನದಿಂದ ಕಾಯ್ಲಾಕತ್ತಾರ ನೋಡು,” ಎಂದಳು ಪುತಳಾಬಾಯಿ ಒಳಗಿನಿಂದ. “ಹೊರಸಿಗೂ ಚೀಲಕ್ಕೂ ಲಗ್ನ ಮಾಡಿಸಬೇಕು ಅಂತೀನಿ ನಾ.”

ಗುರುದೇವಿ ಹೊಲಿಗೆಗಳನ್ನು ನೋಡಿದಳು. ಗಿರಣಿಯಲ್ಲಿ ಮಾದರಿ ತೆಗೆಯಲು ಚುಚ್ಚಿದ ತೂತುಗಳೂ ಹಾಗೆಯೇ ಇದ್ದವು. ಒಂದು ಚೀಲದ ಬಾಯಿಯ ದಾರವನ್ನು ತಾನೇ ಬಿಚ್ಚಿ ಕಾಳೊಂದನ್ನು ತೆಗೆದು ಕಡಿದಳು. ಕಟ್ ಎಂದು ಎರಡು ಹೋಳಾಯಿತು. ಇನ್ನೊಂದು ಚೀಲದ್ದೂ ಹಾಗೇ.

ಪುತಳಾಬಾಯಿಯಿಂದ ಬಿಗಿಮುಚ್ಚಳದ ಸ್ಟೀಲಿನ ಡಬ್ಬಿ ಕೇಳಿ, ಐದು ಚೀಲಗಳಿಂದ ಸ್ವಲ್ಪ ಸ್ವಲ್ಪ ತೊಗರಿ ತುಂಬಿಕೊಂಡಳು. ಹೊರಡುವಾಗ ಪುತಳಾಬಾಯಿ ಎರಡು ಕೆಂಪು ಬಾಳೆಹಣ್ಣು ತಂದು ಅವಳ ಚೀಲದಲ್ಲಿಟ್ಟಳು, ಮುಖ ನೋಡದೆ.

ಸೋಮವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ, ಗಾಡಿಗಳು ಬರುವ ಮೊದಲು, ಗುರುದೇವಿ ಪ್ರಯೋಗಾಲಯದ ಬಾಗಿಲು ತೆರೆದಳು. ಬಸ್ಸಿನಲ್ಲಿ ಪೂರ್ತಿ ದಾರಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು. ಮೊದಲ ಸಲ ಸುರಿದಾಗ ಹದಿಮೂರು ಪಾಯಿಂಟ್ ಒಂದು. ಕಾರ್ಡಿನ ಪ್ರಕಾರ ಅಲ್ಲಿಗೆ ಮುಗಿಯಬೇಕಿತ್ತು. ಬಟ್ಟಲು ಬರಿದು ಮಾಡಿ ಮತ್ತೆ ಸುರಿದಳು: ಹನ್ನೊಂದು ಪಾಯಿಂಟ್ ಆರು. ಮೂರನೆಯದು ಹನ್ನೊಂದು ಪಾಯಿಂಟ್ ಒಂದು. ನಾಲ್ಕನೆಯದೂ ಹನ್ನೊಂದು ಪಾಯಿಂಟ್ ಒಂದು.

ಅವಳು ಸ್ಟೂಲಿನ ಮೇಲೆ ಕುಳಿತಳು. ಬಟ್ಟಲಿನೊಳಗೆ ಬೆರಳಾಡಿಸಿದಳು. ಕಾಳು ಉಜ್ಜದ ಅಂಚಿನಲ್ಲಿ ಮಾತ್ರ ಹಿಟ್ಟಿನಂಥ ತೆಳು ಪದರ ಇನ್ನೂ ಅಂಟಿತ್ತು, ಮುಟ್ಟಿದರೆ ತಣ್ಣಗೆ.

ಎಂಟು ವರ್ಷಗಳ ಹಿಂದೆ, ಕೆಲಸಕ್ಕೆ ಸೇರಿದ ಎರಡನೇ ತಿಂಗಳಲ್ಲಿ, ಇದನ್ನು ಅವಳೇ ಕಂಡುಹಿಡಿದಿದ್ದಳು. ಸಿಪ್ಪೆ ಸಡಿಲಾಗಲೆಂದು ಗಿರಣಿಯಲ್ಲಿ ತೊಗರಿಗೆ ನೀರು ಬೆರೆಸುತ್ತಾರೆ. ಆ ಹಸಿ ತೊಗರಿಯನ್ನೂ ಗಂಟೆಗೊಮ್ಮೆ, ರಾತ್ರಿ ಪಾಳಿಯಲ್ಲೂ, ಇದೇ ಬಟ್ಟಲಿನಲ್ಲಿ ಅಳೆಯುತ್ತಾರೆ. ಅದರ ಹಸಿ ಹಿಟ್ಟು ಗೋಡೆಗೆ ಉಳಿದು, ಮುಂದಿನ ಮಾದರಿಯ ಮೊದಲ ಅಂಕಿಯನ್ನು ಏರಿಸುತ್ತದೆ. ಒಣ ಕಾಳು ಎರಡು ಸಲ ಉಜ್ಜಿಹೋದರೆ ಬಟ್ಟಲು ಶುದ್ಧ. ಅದಕ್ಕೇ ಮೂರು ಸಲ. ಯಾರಿಗೂ ಹೇಳಿರಲಿಲ್ಲ, ಬರೆದಿಟ್ಟಿರಲಿಲ್ಲ. ಯಂತ್ರ ಬದಲಾದರೂ ಕೈ ರೂಢಿ ಬಿಟ್ಟಿರಲಿಲ್ಲ. ವರ್ಷಗಳು ಕಳೆದಂತೆ ಕಾರಣ ಮರೆತು ರೂಢಿಯಷ್ಟೇ ಉಳಿಯಿತು. ಜನ ಅದಕ್ಕೆ ಸಂಶಯ ಎಂದರು, ಅವಳೂ ಹಾಗೇ ನಂಬಿದಳು. ಬೀಗ ಎಳೆಯುವುದನ್ನೂ ತೊಗರಿ ಸುರಿಯುವುದನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿ ಎಸೆದಿದ್ದಳು. ಬೀಗದ್ದು ಬರೀ ಚಡಪಡಿಕೆಯೇ ಇರಬಹುದು. ತೊಗರಿಯದು ವಿಧಾನವಾಗಿತ್ತು.

ಎಂಟು ಗಂಟೆಗೆ ಅಲ್ಫಿಯಾ ಬಂದಾಗ ಮೇಜಿನ ಮೇಲೆಲ್ಲ ಪಾಲಿಥೀನ್ ಪೊಟ್ಟಣಗಳು ಹರಡಿದ್ದವು. ವಾಪಸು ಕಳಿಸಿದ ಪ್ರತಿ ಗಾಡಿಯ ಅರ್ಧ ಕಿಲೋ ಮಾದರಿಯನ್ನು ಬಿಗಿಯಾಗಿ ಮುಚ್ಚಿ ಹದಿನೈದು ದಿನ ಇಡುವುದು ಗಿರಣಿಯ ನಿಯಮ.

“ಯಾ ಅಲ್ಲಾ, ಏನ್ ನಡಸೀದಿ ಇದು?”

“ನಲವತ್ಮೂರು ಅದಾವ. ಎಲ್ಲಾ ಮತ್ತ ನೋಡಬೇಕು. ಒಂದೊಂದೂ ಅಂಕಿ ಕೂಡೋತನಕ.”

“ಹಾಂ? ನೀ ನಿರ್ಣಾಯಕಿ ಅಲ್ಲೇನು?”

“ಬಾಯಿ ಮುಚ್ಚಿ ಬರಕೋ.”

“ಲಿಖತೂಂ ಮಾ, ಲಿಖತೂಂ.” ಅಲ್ಫಿಯಾ ರಿಜಿಸ್ಟರ್ ಎಳೆದುಕೊಂಡಳು. “ಎರಡು ತಿಂಗಳಾತು ನೋಡು, ಇವತ್ತ ನೀ ನನಗ ಸರಿಯಾಗಿ ಬೈದಿ.”

ಹತ್ತೂಮುಕ್ಕಾಲಕ್ಕೆ ಕೆಲಸ ಮುಗಿಯಿತು. ಮಾಳಿಂಗಪ್ಪನ ಪೊಟ್ಟಣವೂ ಅದರಲ್ಲಿತ್ತು: ಹನ್ನೊಂದು ಪಾಯಿಂಟ್ ಎರಡು. ನಲವತ್ಮೂರರಲ್ಲಿ ಮೂವತ್ತೆರಡು ನಿಜವಾಗಿಯೂ ಹಸಿ, ಹನ್ನೊಂದು ಒಣ. ಹೊರಗೆ ಗಾಡಿಗಳ ಸಾಲು ರಸ್ತೆಯವರೆಗೆ ಬೆಳೆದಿತ್ತು, ಹಾರ್ನುಗಳ ಗದ್ದಲ ಶುರುವಾಗಿತ್ತು.

ಆನಂದಕುಮಾರ ಬಾಗಿಲಲ್ಲಿ ಬಂದು ನಿಂತರು. ಗುರುದೇವಿ ರಿಜಿಸ್ಟರ್ ತೋರಿಸಿದಳು. ಅವರು ಓದಿ, ಕನ್ನಡಕ ತೆಗೆದು ಒರೆಸಿದರು.

“ಆ ಹನ್ನೊಂದು ಮಂದಿಗೆ ನಾ ಫೋನ್ ಮಾಡ್ತೀನಿ. ಒಬ್ಬೊಬ್ಬರಿಗೆ. ಗಪ್‌ಚುಪ್ ಬಂದು ಹಾಕಿ ಹೋಗ್ಲಿ.”

“ಸರ್, ಮಾಳಿಂಗಪ್ಪ ಕಾಕಾಗ ನೀರು ಹಾಕಾಂವ ಅಂತ ಅಂದದ್ದು ಫೋನಿನ್ಯಾಗ ಅಲ್ಲ. ಇಲ್ಲೇ, ಈ ಕಿಟಕ್ಯಾಗಿಂದ ನಾ ಕೂಗಿಸೀನಿ.”

“ನೀ ಕೂಗಿಸಿದ್ದು ಅಂಕಿ.”

“ಊರು ಕೇಳಿದ್ದು ಬ್ಯಾರೆ ರೀ.”

ಆನಂದಕುಮಾರ ಕನ್ನಡಕ ಹಾಕಿಕೊಂಡರು. ಅವರೂ ಕೆಟ್ಟ ಮನುಷ್ಯರಲ್ಲ; ಹೊರಗಿನ ಸಾಲನ್ನು ನೋಡುತ್ತ ದನಿ ತಗ್ಗಿಸಿದರು. “ಹೇಳೂದ ಆದ್ರ ‘ಕೆಲವು’ ತಪ್ಪಾಗ್ಯಾವ ಅನ್ನು. ಲೆಕ್ಕ ಬ್ಯಾಡ. ಲೆಕ್ಕ ಹೇಳಿದ್ರ ಮಂದಿ ನೆನಪಿಟ್ಕೋತಾರ. ಈ ವಾರ ನಿನ್ನ ಪತ್ರಕ್ಕ ಮಾಲಕರ ಸಹಿ ಆಗೂದದ.”

ಮುಂದೆ ಆದದ್ದನ್ನು ಬೇಗ ಹೇಳಬಹುದು. ಆ ಪತ್ರಕ್ಕೆ ಸಹಿ ಆಗಲಿಲ್ಲ. ಎರಡನೇ ಘಟಕದ ಪ್ರಯೋಗಾಲಯಕ್ಕೆ ಬೀದರಿನಿಂದ ಒಬ್ಬರು ಬಂದರು. ಗುರುದೇವಿ ಇಂದಿಗೂ ಅದೇ ಕಿಟಕಿಯ ಹಿಂದೆ ಇದ್ದಾಳೆ, ದಿನಕ್ಕೆ ಇಪ್ಪತ್ತಾರು ಗಾಡಿ. ಹಸಿ ತೊಗರಿಗೆ ಬೇರೆ ಬಟ್ಟಲು ಬಂದಿದೆ. ವಿಧಾನವನ್ನು ಏಳು ಸಾಲಿನಲ್ಲಿ ಬರೆದು ಗೋಡೆಗೆ ಹಚ್ಚಿದ್ದಾಳೆ, ಕಾರಣದ ಸಮೇತ. ಮಾಳಿಂಗಪ್ಪನ ತೊಗರಿ ಮಂಗಳವಾರ ಗಿರಣಿಗೆ ಬಂತು. ಮಠದ ತೂಕದ ಕೆಲಸ ಅವನಿಗೆ ಮರಳಿ ಸಿಕ್ಕಿತೋ ಎಂದು ಕೇಳಿದರೆ, “ಕರದಾರ, ನಾ ಇನ್ನಾ ಹೋಗಿಲ್ಲ. ಸ್ವಲ್ಪ ಕಾಯ್ಲಿ” ಎನ್ನುತ್ತಾನೆ. ಮಾರ್ಚಿನಲ್ಲಿ ತರಬೇತುದಾರ ಮತ್ತೆ ಬಂದಾಗ ಗುರುದೇವಿ ಹಾಳೆಯನ್ನು ತುಂಬಿದಳು. ಈ ಸಲ ಯಾವ ಬಗೆಯೂ ಸ್ಪಷ್ಟವಾಗಿ ಬರಲಿಲ್ಲ, ಅಂಕ ನಾಲ್ಕಕ್ಕೂ ಹಂಚಿಹೋಗಿತ್ತು. ಹಾಳೆ ತುಂಬುವಾಗ ತುಂಬ ಹೊತ್ತು ತೆಗೆದುಕೊಂಡಳೆಂದು, ಹಾಕಿದ ಗುರುತನ್ನು ಆರು ಕಡೆ ಅಳಿಸಿದಳೆಂದು ಅಲ್ಫಿಯಾ ಹೇಳುತ್ತಾಳೆ. ಬೀಗವನ್ನು ಈಗ ಒಮ್ಮೆ ಎಳೆಯುತ್ತಾಳೆ. ಕೆಲವು ದಿನ ಎರಡು ಸಲ.

ಗಾಡಿಯವರು ನೆನಪಿಟ್ಟುಕೊಂಡಿರುವುದು ಮಾತ್ರ ಆ ಸೋಮವಾರ ಹನ್ನೊಂದು ಗಂಟೆಯ ಹೊತ್ತನ್ನು.

ಅವಳು ಕಿಟಕಿಯಿಂದ ಹೇಳಲಿಲ್ಲ. ರಿಜಿಸ್ಟರ್ ಹಿಡಿದು ಅಂಗಳಕ್ಕೆ ಇಳಿದು ಬಂದಳು. ಈ ಸಲ ಕೈಗಳನ್ನು ಬೆನ್ನ ಹಿಂದೆ ಅಡಗಿಸಲಿಲ್ಲ. ದೌಲಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಹತ್ತಿರ ಬಂದ.

“ಯಾವ ಗಾಡೀದವಾ ಅಂಕಿ?”

“ಗಾಡೀದಲ್ಲ, ನಂದು. ನಾ ವಾಪಸ್ ಕಳಿಸಿದ್ರಾಗ ಒಣ ಇದ್ದದ್ದು ಹನ್ನೊಂದು. ತಪ್ಪು ನಂದು, ರೈತರದಲ್ಲ. ಕಮಲಾಪುರದ ಮಾಳಿಂಗಪ್ಪಂದು ಹನ್ನೊಂದು ಪಾಯಿಂಟ್ ಎರಡು. ನೀರು ಹಾಕಿರಲಿಲ್ಲ.”

ದೌಲಪ್ಪ ಅವಳ ಮುಖ ನೋಡಿದ, ಆನಂದಕುಮಾರರ ಕಡೆಗೂ ಒಮ್ಮೆ ನೋಡಿದ. ಆಮೇಲೆ ಎದೆ ತುಂಬ ಗಾಳಿ ಎಳೆದುಕೊಂಡು ಒಂದಕ್ಷರ ಬಿಡದೆ ಕೂಗಿದ. ಹಾರ್ನುಗಳು ಒಂದೊಂದಾಗಿ ನಿಂತವು. ಉಳಿದ ಹತ್ತು ಊರು, ಹತ್ತು ಹೆಸರುಗಳನ್ನು ಅವಳು ಓದಿದಳು, ಅವನು ಕೂಗಿದ.

ಎಲ್ಲ ಮುಗಿದ ಮೇಲೆ ಪರ್ವೇಜ್ ಲಾರಿಯಿಂದ ತಲೆ ಹೊರಹಾಕಿದ. ಇವತ್ತು ಅವನ ದನಿಯಲ್ಲಿ ಕುಚೋದ್ಯ ಇರಲಿಲ್ಲ. “ಮೇಡಂ, ಇದು ಹದಿನೈದು ದಿನದ್ದು. ಅದರ ಹಿಂದಿಂದು? ಡಿಸೆಂಬರದಾಗ ಕಳಿಸಿದ್ದು?”

“ಅವು ಗೊತ್ತಿಲ್ಲರಿ. ಪೊಟ್ಟಣ ಎಸದೀವಿ. ಒಣ ಇದ್ವೋ ಹಸಿ ಇದ್ವೋ ಇನ್ನ ಯಾರಿಗೂ ಹೇಳಾಕ ಬರಂಗಿಲ್ಲ.”

“ಅವು ಎಷ್ಟಾಗ್ತಾವ?”

ಹಿಂದಿನಿಂದ ಆನಂದಕುಮಾರ, “ಕೆಲವು…” ಎಂದು ಶುರುಮಾಡಿದರು.

ಗುರುದೇವಿ ರಿಜಿಸ್ಟರಿನ ಹಾಳೆ ತಿರುವಿದಳು, ಬೆರಳಿಟ್ಟು ಸಾಲುಗಳನ್ನು ಎಣಿಸಿದಳು, ಮತ್ತೊಮ್ಮೆ ಮೊದಲಿಂದ ಎಣಿಸಿದಳು. ಸಾಲಿನಲ್ಲಿ ಯಾರೂ ಅವಸರ ಮಾಡಲಿಲ್ಲ. ಮೂರನೇ ಸಲ ಎಣಿಸಿ ತಲೆ ಎತ್ತಿ, ದೌಲಪ್ಪನಿಗೆ ಕಾಯದೆ, ರಸ್ತೆಯಲ್ಲಿ ನಿಂತ ಕಡೆಯ ಗಾಡಿಗೂ ಕೇಳುವಂತೆ ತಾನೇ ಕೂಗಿದಳು:

“ತೊಂಬತ್ತಾರು.”